33ನೇ ವಯಸ್ಸಿನಲ್ಲಿ ಎಂಬಿಬಿಎಸ್ ಅರ್ಜಿ: ಕಲಬುರಗಿಯ ಒಬ್ಬ ಲ್ಯಾಬ್ ಟೆಕ್ನಿಷಿಯನ್ ಪ್ರಕರಣ

ಈ ಪ್ರಕರಣದ ಅರ್ಜಿದಾರ ಒಬ್ಬನೇ ವ್ಯಕ್ತಿಯಲ್ಲ. ಕಲಬುರಗಿ, ಯಾದಗಿರಿ ಭಾಗದಲ್ಲಿ ಮೂವತ್ತು ದಾಟಿದ ಮೇಲೆ ವೈದ್ಯಕೀಯ ಸೀಟಿಗೆ ಕೈಹಾಕುವವರಿಗೆ ಎದುರಾಗುವ ಸಂಗತಿಗಳನ್ನು ಒಬ್ಬನ ಮೇಲೆ ಕೂಡಿಸಿ ಬರೆದಿದ್ದೇವೆ. ಅಂಕ, ಸಂಬಳ, ಮನೆ ಖರ್ಚು ಮಾದರಿ ಲೆಕ್ಕ. ನಿಯಮಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಹುಟ್ಟಿದ್ದು ಜೂನ್ 1992, ಶಹಾಪುರ ತಾಲ್ಲೂಕಿನ ಹಳ್ಳಿಯಲ್ಲಿ. ಒಂದರಿಂದ ಏಳರವರೆಗೆ ಊರಿನ ಸರ್ಕಾರಿ ಶಾಲೆ, ಎಂಟರಿಂದ ಹತ್ತು ಶಹಾಪುರ ಪಟ್ಟಣದ ಪ್ರೌಢಶಾಲೆ, ಎಲ್ಲವೂ ಕನ್ನಡ ಮಾಧ್ಯಮ. 2008ರಲ್ಲಿ ಎಸ್ಸೆಸ್ಸೆಲ್ಸಿ. ಕಲಬುರಗಿಯಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ತಗೊಂಡು 2010ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ಬರೆದಾಗ ಫಿಸಿಕ್ಸ್ ಹೋಯಿತು, ಪೂರಕ ಪರೀಕ್ಷೆಯಲ್ಲಿ ಪಾಸು. 2013ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯದ ಬಿಎಸ್ಸಿ, ಆಮೇಲೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಡಿಎಂಎಲ್‌ಟಿ. ಈಗ ಕಲಬುರಗಿಯ ಖಾಸಗಿ ಲ್ಯಾಬ್‌ನಲ್ಲಿ ತಿಂಗಳಿಗೆ 19,000 ಸಂಬಳ. ಹೆಂಡತಿ ಅತಿಥಿ ಶಿಕ್ಷಕಿ, ಒಂದು ಮಗು. ಊರಲ್ಲಿ ಅಪ್ಪ-ಅವ್ವ, ನಾಲ್ಕು ಎಕರೆ ತೊಗರಿ ಹೊಲ. ಜಾತಿ ರಾಜ್ಯದ ಪಟ್ಟಿಯಲ್ಲಿ ಪ್ರವರ್ಗ-1, ಕೇಂದ್ರದ ಒಬಿಸಿ ಪಟ್ಟಿಯಲ್ಲೂ ಇದೆ.

ಅವರು ಮೊದಲು ಕೇಳುವ ಪ್ರಶ್ನೆ ವಯಸ್ಸಿನದು. ಅದು ಸುಲಭದ್ದು. ಎಂಬಿಬಿಎಸ್ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಗರಿಷ್ಠ ವಯೋಮಿತಿ ಇಲ್ಲ. ಮೊದಲಿದ್ದ ಮಿತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ತೆಗೆದುಹಾಕಿದ್ದು 2022ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಸಾಕು. ಪಿಯುಸಿ ಹಳೆಯದಾಯಿತು ಎಂಬ ಕಾರಣಕ್ಕೂ ಯಾರೂ ಅರ್ಜಿ ತಳ್ಳಿಹಾಕುವುದಿಲ್ಲ. ಬಿಎಸ್ಸಿ ಅಂಕ, ಲ್ಯಾಬ್ ಅನುಭವ ಇವಕ್ಕೆ ರ‍್ಯಾಂಕಿನಲ್ಲಿ ಒಂದು ಅಂಕದ ಬೆಲೆಯೂ ಇಲ್ಲ. ಸೀಟು ಸಿಗುವುದು ನೀಟ್ ರ‍್ಯಾಂಕಿನ ಮೇಲೆ. ಪಿಯುಸಿ ಅಂಕ ಬೇಕಾಗುವುದು ಅರ್ಹತೆಗಷ್ಟೇ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಕೂಡಿಸಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟರಿಗೂ ಹಿಂದುಳಿದ ವರ್ಗದವರಿಗೂ ಶೇ 40, ಜತೆಗೆ ಇಂಗ್ಲಿಷ್ ಪಾಸಾಗಿರಬೇಕು. ಇವರದು 47, 52, 61, ಒಟ್ಟು 300ಕ್ಕೆ 160. ತೊಂದರೆಯಿಲ್ಲ. ಪೂರಕ ಪರೀಕ್ಷೆಯಲ್ಲಿ ಪಾಸಾದದ್ದೂ ಅಡ್ಡಿಯಲ್ಲ, ಆದರೆ ಮಾರ್ಚ್‌ನ ಅಂಕಪಟ್ಟಿ, ಪೂರಕದ ಅಂಕಪಟ್ಟಿ ಎರಡೂ ಮೂಲ ಪ್ರತಿ ಕೈಯಲ್ಲಿರಬೇಕು. ಪಿಯುಸಿಯಲ್ಲಿ ಬಯಾಲಜಿ ಇಲ್ಲದೆ ಪಿಸಿಎಂ ಓದಿದವರಿಗೆ 2023ರ ನವೆಂಬರ್‌ನ ಆಯೋಗದ ಪ್ರಕಟಣೆಯಿಂದ ದಾರಿ ತೆರೆದಿದೆ: ಮಾನ್ಯತೆ ಪಡೆದ ಮಂಡಳಿಯಲ್ಲಿ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಳ್ಳಬಹುದು.

ಹಾಗಾದರೆ ಎಲ್ಲಿ ಸಿಕ್ಕಿಬೀಳುತ್ತಾರೆ? ಮೂರು ಕಡೆ: ಬಾಲ್ಯದ ಶಾಲೆಯ ಕಾಗದ, ಫಿಸಿಕ್ಸ್, ಮತ್ತು ಸಂಬಳ ನಿಂತ ಮೇಲಿನ ಐದೂವರೆ ವರ್ಷ. ಈ ಕ್ರಮ ಮುಖ್ಯ. ಬಹಳ ಮಂದಿ ಮೊದಲು ಕೋಚಿಂಗ್ ಶುಲ್ಕ ಕಟ್ಟಿ, ಕಾಗದದ ಕಡೆ ಕೌನ್ಸೆಲಿಂಗ್ (ಸೀಟು ಹಂಚಿಕೆ) ಹೊತ್ತಿಗೆ ತಿರುಗಿ ನೋಡುತ್ತಾರೆ. ಕಾಗದ ಮೊದಲು ನೋಡಿ. ಅದರ ಮೇಲೆಯೇ ಎಷ್ಟು ರ‍್ಯಾಂಕ್ ಬೇಕು ಎಂಬ ಗುರಿ ನಿಂತಿರುತ್ತದೆ.

ಕಾಗದ

ಈಗ ಪಿಯುಸಿ ಮುಗಿಸುವ ಹುಡುಗರಿಗೆ ಶಾಲಾ ದಾಖಲೆಯ ಸ್ಯಾಟ್ಸ್ ಸಂಖ್ಯೆ ಇದೆ. ಯಾವ ಶಾಲೆ, ಯಾವ ಮಾಧ್ಯಮ ಎಂಬುದು ಕಂಪ್ಯೂಟರಿನಲ್ಲೇ ಸಿಗುತ್ತದೆ. 2008ರಲ್ಲಿ ಹತ್ತನೇ ತರಗತಿ ಮುಗಿಸಿದವರಿಗೆ ಆ ಸಂಖ್ಯೆಯೇ ಇಲ್ಲ. ಅವರು ಪ್ರತಿ ಶಾಲೆಗೂ ಹೋಗಿ ವ್ಯಾಸಂಗ ಪ್ರಮಾಣಪತ್ರ ಬರೆಸಿಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಹಾಕಿಸಬೇಕು. ಊರಿನ ಶಾಲೆಯಲ್ಲಿ ಹೆಡ್‌ಮಾಸ್ತರು ಹೇಳುವ ಮಾತು ಬಹುತೇಕ ಒಂದೇ: "ರಿಜಿಸ್ಟರ್ ಭಾಳ ಹಳೇದದ ರೀ, ಹುಡುಕಬೇಕಾಗ್ತದ. ಅಡ್ಮಿಷನ್ ನಂಬರ್ ಇದ್ರ ಹೇಳ್ರಿ." ಆ ನಂಬರ್ ಹಳೆಯ ಟಿ.ಸಿ. ನಕಲಿನಲ್ಲಿ ಇರುತ್ತದೆ. ಅದನ್ನು ಬರೆದುಕೊಂಡು ಹೋದರೆ ಕೆಲಸ ಅರ್ಧ ಮುಗಿದಂತೆ. ಶಾಲೆ ಇನ್ನೊಂದರಲ್ಲಿ ವಿಲೀನವಾಗಿದ್ದರೆ ದಾಖಲೆ ಯಾವ ಶಾಲೆಗೆ ಹೋಗಿದೆ ಎಂದು ಬಿಇಒ ಕಚೇರಿಯಲ್ಲಿ ವಿಚಾರಿಸಬೇಕು. ಪ್ರಮಾಣಪತ್ರದಲ್ಲಿ ಪ್ರತಿ ತರಗತಿ, ಪ್ರತಿ ಶೈಕ್ಷಣಿಕ ವರ್ಷ, ಮಾಧ್ಯಮ ಬೇರೆ ಬೇರೆಯಾಗಿ ಬರೆದಿರಬೇಕು. "1ರಿಂದ 7" ಎಂದು ಒಂದೇ ಸಾಲಿನಲ್ಲಿ ಬರೆಸಿಕೊಂಡು ಬಂದು ಎರಡನೇ ಸಲ ಹೋಗುವವರು ಹೆಚ್ಚು.

ಇದನ್ನೆಲ್ಲ ಯಾಕೆ ಮಾಡಬೇಕು? ರಾಜ್ಯದ ಸೀಟಿಗೆ ಅರ್ಹತೆ ಬರುವುದೇ ಇದರಿಂದ: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು. ಬೀದರ್ ಕಡೆಯವರು ಮಹಾರಾಷ್ಟ್ರದ ಲಾತೂರಿಗೆ ಹೋಗಿ ಹನ್ನೊಂದು-ಹನ್ನೆರಡು ಓದಿದ್ದರೂ ಹತ್ತರವರೆಗೆ ಇಲ್ಲಿ ಓದಿದ್ದರೆ ಈ ಷರತ್ತು ಪೂರೈಸಿದಂತೆಯೇ. ಇದೇ ಕಾಗದದಿಂದ ಇನ್ನೆರಡು ಮೀಸಲಾತಿ ಬರುತ್ತವೆ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಈ ಪ್ರಕರಣದಲ್ಲಿ ಅರ್ಜಿದಾರರು ತಾವು "ಹಳ್ಳಿ ಹುಡುಗ" ಎಂದು ಎರಡನ್ನೂ ಲೆಕ್ಕ ಹಾಕಿಕೊಂಡಿದ್ದರು. ಶಹಾಪುರ ನಗರಸಭೆಯ ಊರು. ಎಂಟು, ಒಂಬತ್ತು, ಹತ್ತು ಅಲ್ಲಿ ಓದಿದ್ದರಿಂದ ಗ್ರಾಮೀಣ ಮೀಸಲಾತಿ ಹೋಯಿತು; ಹತ್ತೂ ವರ್ಷ ಹಳ್ಳಿಯದೇ ಆಗಬೇಕು, ಒಂದು ವರ್ಷ ಕಡಿಮೆಯಾದರೂ ಇಲ್ಲ. ಕನ್ನಡ ಮಾಧ್ಯಮದ್ದು ಉಳಿಯಿತು. ತಪ್ಪು ಕ್ಲೇಮ್ ಹಾಕಿ ಪರಿಶೀಲನೆಯಲ್ಲಿ ಅದು ಬಿದ್ದುಹೋದರೆ ಲೆಕ್ಕ ಹಾಕಿದ್ದ ರ‍್ಯಾಂಕೆಲ್ಲ ಅದರ ಜತೆಗೇ ಬಿದ್ದುಹೋಗುತ್ತದೆ. ಆದ್ದರಿಂದ ಇದು ಮೊದಲೇ ತಿಳಿದದ್ದು ಒಳ್ಳೆಯದಾಯಿತು.

ಈ ಭಾಗದವರ ದೊಡ್ಡ ಬಲ ಸಂವಿಧಾನದ 371 ಜೆ ವಿಧಿ. 2012ರ ಸಂವಿಧಾನ ತಿದ್ದುಪಡಿಯ ನಂತರ, 2013ರ ಆದೇಶದಂತೆ, ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು ಇಲ್ಲಿನ ಸ್ಥಳೀಯರಿಗೆ, ಉಳಿದ ಕರ್ನಾಟಕದ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ರಾಯಚೂರಿನ ರಿಮ್ಸ್, ಈ ಸರ್ಕಾರಿ ವೈದ್ಯಕೀಯ ಕಾಲೇಜುಗಳೆಲ್ಲ ಈ ಲೆಕ್ಕದಲ್ಲಿ ಬರುತ್ತವೆ. ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಅನೇಕರ ಬಳಿ ಸರ್ಕಾರಿ ನೌಕರಿಯ ಅರ್ಜಿಗೆಂದು ಮಾಡಿಸಿದ 371 ಜೆ ಪತ್ರ ಇರುತ್ತದೆ, ಅದೇ ಸಾಕು ಅಂದುಕೊಳ್ಳುತ್ತಾರೆ. ನೇಮಕಾತಿಯ ಆದೇಶ ಬೇರೆ, ಶಿಕ್ಷಣ ಸಂಸ್ಥೆಗಳ ಪ್ರವೇಶದ ಆದೇಶ ಬೇರೆ. ಪತ್ರದ ತಲೆಬರಹದಲ್ಲಿ ಯಾವುದು ನಮೂದಾಗಿದೆ ಎಂದು ಓದಿ, ಪ್ರವೇಶದ್ದು ಇಲ್ಲದಿದ್ದರೆ ಹೊಸದಕ್ಕೆ ಅರ್ಜಿ ಹಾಕಿ. ಜಿಲ್ಲೆಯ ಹೆಸರಿನ ಬಗ್ಗೆ ಗಾಬರಿ ಬೇಡ. ಯಾದಗಿರಿ ಜಿಲ್ಲೆ ಆದದ್ದು 2009ರ ಕೊನೆಯಲ್ಲಿ, ಗುಲ್ಬರ್ಗಾ ಹೆಸರು ಕಲಬುರಗಿ ಆದದ್ದು 2014ರ ನವೆಂಬರ್‌ನಲ್ಲಿ. ಹಳೆಯ ಅಂಕಪಟ್ಟಿಯಲ್ಲಿ "ಗುಲ್ಬರ್ಗಾ ಜಿಲ್ಲೆ" ಅಂತ ಇರುವುದು ಸಹಜ.

ಗಾಬರಿಪಡಬೇಕಾದದ್ದು ವ್ಯಕ್ತಿಯ ಹೆಸರಿನ ಬಗ್ಗೆ. ನಮ್ಮ ಕಡೆ ದಾಖಲೆಗಳಲ್ಲಿ ಹೆಸರಿನ ಜತೆ "ತಂದೆ" ಎಂದು ಸೇರಿಸಿ ಅಪ್ಪನ ಹೆಸರು ಬರೆಯುವ ರೂಢಿ. ಅಂಕಪಟ್ಟಿಯಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಅಪ್ಪನ ಹೆಸರೂ ಅಡ್ಡಹೆಸರೂ, ಜಾತಿ ಪತ್ರದಲ್ಲಿ ಮೂರನೇ ರೀತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರವಾಗಿ ಹಿಡಿದು ಉಳಿದದ್ದನ್ನು ಅದಕ್ಕೆ ಹೊಂದಿಸಬೇಕು. ಆಧಾರ್ ಹತ್ತು ವರ್ಷ ಹಳೆಯದಾಗಿದ್ದರೆ ಫೋಟೊ, ಬೆರಳಚ್ಚು ಎರಡನ್ನೂ ನವೀಕರಿಸಿಕೊಳ್ಳಿ, ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಬಯೋಮೆಟ್ರಿಕ್ ತಗೊಳ್ಳುತ್ತಾರೆ.

ಜಾತಿ ಪತ್ರದಲ್ಲಿ ಎರಡು ಬಗೆ ಬೇಕು. ರಾಜ್ಯದ ಸೀಟಿಗೆ ಪ್ರವರ್ಗ-1ರ ಪತ್ರ; ಇದಕ್ಕೆ ಕೆನೆಪದರದ (ಸ್ಥಿತಿವಂತರನ್ನು ಮೀಸಲಾತಿಯಿಂದ ಹೊರಗಿಡುವ ನಿಯಮ) ಮಾತಿಲ್ಲ. ಅಖಿಲ ಭಾರತ ಕೋಟಾದ ಶೇ 15 ಸೀಟುಗಳಲ್ಲಿ ಒಬಿಸಿ ಮೀಸಲಾತಿ ಬೇಕೆಂದರೆ ಕೇಂದ್ರ ನಮೂನೆಯ ಕೆನೆಪದರರಹಿತ ಪ್ರಮಾಣಪತ್ರ, ಅದೂ ಆ ಹಣಕಾಸು ವರ್ಷದ್ದು. ದುಡಿಯುವ ಅಭ್ಯರ್ಥಿಗಳು "ನನಗೆ ಸಂಬಳ ಇದೆಯಲ್ಲ" ಎಂದು ಹಿಂಜರಿಯುತ್ತಾರೆ. ಕೇಂದ್ರದ ಕೆನೆಪದರದಲ್ಲಿ ನೋಡುವುದು ತಂದೆ-ತಾಯಿಯ ಸ್ಥಿತಿಯನ್ನು, ಅಭ್ಯರ್ಥಿಯ ಸ್ವಂತ ಸಂಬಳವನ್ನಲ್ಲ. ಕೃಷಿ ಆದಾಯವೂ ಕೆನೆಪದರದ ಮಿತಿಯಾದ ವಾರ್ಷಿಕ 8 ಲಕ್ಷದ ಲೆಕ್ಕಕ್ಕೆ ಸೇರುವುದಿಲ್ಲ.

ಎರಡು ಅರ್ಜಿ

ನೀಟ್ ಅರ್ಜಿ ಪರೀಕ್ಷೆ ನಡೆಸುವ ಕೇಂದ್ರದ ಸಂಸ್ಥೆ ಎನ್‌ಟಿಎಗೆ, ರಾಜ್ಯದ ಸೀಟಿನ ಅರ್ಜಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ (ಕೆಇಎ). ಒಂದು ಹಾಕಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಕೆಇಎ ಅರ್ಜಿ ಸಾಮಾನ್ಯವಾಗಿ ಸಿಇಟಿ ಅರ್ಜಿಯ ಜತೆ ವರ್ಷದ ಆರಂಭದಲ್ಲೇ ತೆರೆಯುತ್ತದೆ. ಸಿಇಟಿ ಬರೆಯದವರು ಅದನ್ನು ಗಮನಿಸುವುದೇ ಇಲ್ಲ. 2025ರಲ್ಲಿ ನೀಟ್ ಅರ್ಜಿ ಫೆಬ್ರುವರಿ 7ರಿಂದ ಮಾರ್ಚ್ 7ರವರೆಗೆ ಇತ್ತು. ಶುಲ್ಕ ಸಾಮಾನ್ಯ ವರ್ಗಕ್ಕೆ 1,700, ಒಬಿಸಿಗೆ 1,600, ಪರಿಶಿಷ್ಟರಿಗೆ 1,000 ರೂಪಾಯಿ.

ಅರ್ಜಿಯಲ್ಲಿ ಅರ್ಹತಾ ಪರೀಕ್ಷೆಯ ಕೋಡ್ ಕೇಳುತ್ತಾರೆ. ಈ ವರ್ಷ ಹನ್ನೆರಡನೇ ತರಗತಿ ಬರೆಯುತ್ತಿರುವವರದು 01, ಪಾಸಾಗಿ ಕೂತವರದು 02. ಸೈಬರ್ ಸೆಂಟರಿನವರು ದಿನವಿಡೀ ಪಿಯುಸಿ ಹುಡುಗರ ಅರ್ಜಿ ತುಂಬುವ ರೂಢಿಯಲ್ಲಿ 01 ಒತ್ತಿಬಿಡುತ್ತಾರೆ. ಪಕ್ಕದಲ್ಲಿ ಕೂತು ನೋಡಿ. ಬಿಎಸ್ಸಿ ಆದವರಿಗೆ ಬೇರೆ ಕೋಡ್ ಕೂಡ ಪಟ್ಟಿಯಲ್ಲಿ ಕಾಣುತ್ತದೆ. ಪಿಯುಸಿಯಲ್ಲಿ ಪಿಸಿಬಿ ಅಂಕ ಸಾಕಷ್ಟಿರುವವರಿಗೆ 02 ನೇರ ದಾರಿ. ಭಾಷೆಯಲ್ಲಿ ಕನ್ನಡ ಆಯ್ದರೆ ಪ್ರಶ್ನೆಪತ್ರಿಕೆಯಲ್ಲಿ ಕನ್ನಡ-ಇಂಗ್ಲಿಷ್ ಎರಡೂ ಇರುತ್ತವೆ, ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷೇ ಅಂತಿಮ. ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಉದ್ದನೆಯ ಹೇಳಿಕೆ-ಕಾರಣ ಪ್ರಶ್ನೆಗಳಲ್ಲಿ ಕನ್ನಡ ಕಣ್ಣಿಗೆ ಆಸರೆ. ನಮ್ಮ ಸಲಹೆ ಕನ್ನಡವೇ.

2025ರ ಅಂಕಪಟ್ಟಿಯನ್ನು ಬಿಡಿಸಿ ನೋಡಿದಾಗ

180 ಪ್ರಶ್ನೆ, 180 ನಿಮಿಷ, 720 ಅಂಕ. ಸರಿಯುತ್ತರಕ್ಕೆ 4, ತಪ್ಪಿಗೆ 1 ಕಡಿತ. ಈ ಅರ್ಜಿದಾರರಿಗೆ ಬಂದದ್ದು 368. ಹಿಂದುಳಿದ ವರ್ಗದ ಅರ್ಹತಾ ಅಂಕ ಆ ವರ್ಷ 113, ಸಾಮಾನ್ಯ ವರ್ಗದ್ದು 144. "ಕ್ವಾಲಿಫೈ ಆಗೇನಿ" ಎಂದು ಮನೆಯಲ್ಲಿ ಪೇಢೆ ಹಂಚಿದ್ದಾಯಿತು. ಅರ್ಹತೆ ಬಂತೆಂದರೆ ಕೌನ್ಸೆಲಿಂಗ್ ಬಾಗಿಲು ದಾಟಿದಂತೆ ಅಷ್ಟೇ. ಸರ್ಕಾರಿ ಎಂಬಿಬಿಎಸ್ ಸೀಟಿಗೆ 368 ಸಾಲಲಿಲ್ಲ.

ಬಯಾಲಜಿ: 71 ಸರಿ, 16 ತಪ್ಪು, 3 ಖಾಲಿ, 268 ಅಂಕ. ಕೆಮಿಸ್ಟ್ರಿ: 24 ಸರಿ, 18 ತಪ್ಪು, 3 ಖಾಲಿ, 78 ಅಂಕ. ಫಿಸಿಕ್ಸ್: 13 ಸರಿ, 30 ತಪ್ಪು, 2 ಖಾಲಿ, 22 ಅಂಕ.

ಫಿಸಿಕ್ಸಿನ ಸಾಲನ್ನು ಇನ್ನೊಮ್ಮೆ ಓದಿ. 43 ಪ್ರಶ್ನೆಗಳಲ್ಲಿ 13 ಸರಿ ಎಂದರೆ ಶೇ 30. ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು, ಅಂದರೆ ಶೇ 25, ಸರಿಯಾಗುತ್ತದೆ. ಹಾಗಾಗಿ "ನೆಗೆಟಿವ್ ಮಾರ್ಕಿಂಗ್‌ನಿಂದ ಹೋಯ್ತು" ಎಂಬ ಸಮಾಧಾನ ಇಲ್ಲಿ ಸಲ್ಲದು. ವಿಷಯವೇ ಬಂದಿರಲಿಲ್ಲ, ಸಮಯವೂ ಇರಲಿಲ್ಲ. ಬಯಾಲಜಿ ಗೊತ್ತಿದ್ದ ವಿಷಯ ಎಂದು ಅಲ್ಲೇ 80 ನಿಮಿಷ ಕಳೆದು, ಫಿಸಿಕ್ಸಿಗೆ ಉಳಿದದ್ದು ಅರ್ಧ ಗಂಟೆ.

ಇದಕ್ಕೆ ಹಿನ್ನೆಲೆಯ ಕಾರಣವೂ ಇದೆ. ಕರ್ನಾಟಕದ ಪಿಯು ವಿಜ್ಞಾನಕ್ಕೆ ಕೇಂದ್ರದ ಎನ್‌ಸಿಇಆರ್‌ಟಿ ಪಠ್ಯ ಬಂದದ್ದು 2012-13ರಿಂದ. 2010ರಲ್ಲಿ ಪಿಯುಸಿ ಮುಗಿಸಿದವರು ನೀಟ್ ನಿಂತಿರುವ ಪುಸ್ತಕವನ್ನು ಶಾಲೆಯಲ್ಲಿ ಓದಿಯೇ ಇಲ್ಲ. ಅಟ್ಟದ ಮೇಲಿನ ಹಳೆಯ ಪುಸ್ತಕ, ಹಳೆಯ ಗೈಡ್ ತೆಗೆದಿಡಿ, ಅವು ಬೇಡ. 2024ರ ಪರೀಕ್ಷೆಯಿಂದ ಪಠ್ಯಕ್ರಮವೂ ಬದಲಾಯಿತು. ಕೆಮಿಸ್ಟ್ರಿಯಲ್ಲಿ ಘನಸ್ಥಿತಿ, ಮೇಲ್ಮೈ ರಸಾಯನ, ಪಾಲಿಮರ್, ಲೋಹ ತೆಗೆಯುವ ವಿಧಾನದ ಅಧ್ಯಾಯಗಳು ಹೋದವು. ಬಯಾಲಜಿಯಲ್ಲಿ ಜೀರ್ಣಕ್ರಿಯೆ, ಸಸ್ಯಗಳ ಖನಿಜ ಪೋಷಣೆ, ಪರಿಸರ ಸಮಸ್ಯೆಗಳು ಹೋದವು. ಕೆಲವು ಸಸ್ಯ ಕುಟುಂಬಗಳು, ಫಿಸಿಕ್ಸಿನಲ್ಲಿ ಪ್ರಾಯೋಗಿಕ ಕೌಶಲದ ಭಾಗ ಸೇರಿದವು. ಆಯೋಗದ ಪಠ್ಯಕ್ರಮವನ್ನು ಮುದ್ರಿಸಿ, ಪುಸ್ತಕದ ಪರಿವಿಡಿಯ ಪಕ್ಕ ಇಟ್ಟು ಗುರುತು ಹಾಕಿಕೊಂಡೇ ಓದು ಶುರುಮಾಡಬೇಕು.

ಲ್ಯಾಬಿನ ಅನುಭವ ಬಯಾಲಜಿಯಲ್ಲಿ ನೆರವೂ ಹೌದು, ತೊಡಕೂ ಹೌದು. ದಿನಾ ಬರೆಯುವ ವರದಿಯಲ್ಲಿ ಬಿಳಿ ರಕ್ತಕಣದ ಸಾಮಾನ್ಯ ಮಿತಿ 4,000ರಿಂದ 11,000, ಪ್ಲೇಟ್‌ಲೆಟ್ ಒಂದೂವರೆಯಿಂದ ನಾಲ್ಕೂವರೆ ಲಕ್ಷ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಅದೇ 6,000ದಿಂದ 8,000, ಒಂದೂವರೆಯಿಂದ ಮೂರೂವರೆ ಲಕ್ಷ. ಪರೀಕ್ಷೆಯಲ್ಲಿ ನಡೆಯುವುದು ಪುಸ್ತಕದ ಸಂಖ್ಯೆ. 16 ತಪ್ಪುಗಳಲ್ಲಿ ಇಂಥವು ಐದು. ನರ್ಸಿಂಗ್, ಫಾರ್ಮಸಿ ಕೆಲಸದಿಂದ ಬರುವವರಿಗೂ ಇದೇ ಎಚ್ಚರ: ಗೊತ್ತಿರುವ ಅಧ್ಯಾಯವನ್ನೇ ಸಾಲು ಬಿಡದೆ ಓದಬೇಕು.

ಮುಂದಿನ ಪ್ರಯತ್ನಕ್ಕೆ ಹಾಕಿಕೊಟ್ಟ ಕ್ರಮ ಹೀಗಿದೆ. ಕೆಲಸ ಬೆಳಿಗ್ಗೆ ಎಂಟರಿಂದ ನಾಲ್ಕು. ಬೆಳಿಗ್ಗೆ ಐದರಿಂದ ಏಳು ಫಿಸಿಕ್ಸ್ ಮಾತ್ರ. ತಲೆ ದಣಿಯುವ ಮೊದಲು. ಮೊದಲ ಎರಡು ತಿಂಗಳು ಫಿಸಿಕ್ಸ್ ಅಧ್ಯಾಯವನ್ನೇ ಮುಟ್ಟದೆ ಬರೀ ಗಣಿತ: ಹತ್ತರ ಘಾತ, ಲಾಗರಿದಮ್, ಸೈನ್-ಕಾಸ್, ವೆಕ್ಟರ್ ಕೂಡಿಸುವುದು, ನಕ್ಷೆಯ ಇಳಿಜಾರು, ಸರಳ ಡಿಫರೆನ್ಶಿಯೇಷನ್. ಹದಿನೈದು ವರ್ಷ ಬಿಟ್ಟವರಿಗೆ ಸೂತ್ರ ನೆನಪಾಗುತ್ತದೆ, ಲೆಕ್ಕ ಮಾತ್ರ ಕೈಗೆ ಬರುವುದಿಲ್ಲ. ಆಮೇಲೆ ಮಾನಗಳು, ವಿದ್ಯುತ್ ಪ್ರವಾಹ, ಅರೆವಾಹಕ, ಆಧುನಿಕ ಭೌತಶಾಸ್ತ್ರ, ಬೆಳಕು, ಉಷ್ಣಗತಿಶಾಸ್ತ್ರ; ಭ್ರಮಣ ಚಲನೆ ಕೊನೆಗೆ. ಸಂಜೆ ಕೆಮಿಸ್ಟ್ರಿ, ಬಯಾಲಜಿ ದಿನ ಬಿಟ್ಟು ದಿನ. ಭಾನುವಾರ ಮಧ್ಯಾಹ್ನ ಎರಡರಿಂದ ಐದು, ಪರೀಕ್ಷೆಯ ಅದೇ ಹೊತ್ತಿನಲ್ಲಿ, ಓಎಂಆರ್ ಹಾಳೆಯ ಮೇಲೆ ಕಪ್ಪು ಪೆನ್ನಿನಿಂದ ಪೂರ್ತಿ ಪತ್ರಿಕೆ. ಬಯಾಲಜಿ 50 ನಿಮಿಷಕ್ಕೆ ಕಟ್ಟುನಿಟ್ಟಾಗಿ ಮುಗಿಯಬೇಕು.

ಗುರಿಯನ್ನು ಅಂಕದಲ್ಲಿ ಇಡಬೇಡಿ. 2024ರಲ್ಲಿ 720ಕ್ಕೆ 720 ಬಂದವರು ಹಲವರಿದ್ದರು, 2025ರಲ್ಲಿ ದೇಶದ ಮೊದಲ ಸ್ಥಾನದವರದೇ 686. ಅಂಕ ವರ್ಷ ವರ್ಷಕ್ಕೆ ಹೀಗೆ ಏರಿಳಿಯುತ್ತದೆ. ಕೆಇಎ ಪ್ರಕಟಿಸುವ ಕೊನೆಯ ಸುತ್ತಿನ ಕಟ್‌ಆಫ್ ಪಟ್ಟಿಯಲ್ಲಿ ನಿಮ್ಮ ಪ್ರವರ್ಗ, ಕನ್ನಡ ಮಾಧ್ಯಮ, 371 ಜೆ ಕೂಡಿದ ಸಾಲಿನ ರ‍್ಯಾಂಕ್ ನೋಡಿ ಅದನ್ನು ಗುರಿ ಮಾಡಿ.

ಹಣ

ಕೋರ್ಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಹಾಜರಾತಿ ಕಡ್ಡಾಯ. ಹಗಲು ಕೆಲಸ ಬಿಡಲೇಬೇಕು. ರಾತ್ರಿ ಪಾಳಿ ಮಾಡುತ್ತೇನೆ ಎಂದು ಲೆಕ್ಕ ಹಾಕುವವರಿಗೆ ಹೇಳುವುದಿಷ್ಟು: ಮೊದಲ ವರ್ಷ ಪಾಸಾಗಲು ನಾಲ್ಕೇ ಅವಕಾಶ. ಸೇರಿದ ದಿನದಿಂದ ಒಂಬತ್ತು ವರ್ಷದಲ್ಲಿ ಕೋರ್ಸ್ ಮುಗಿಯಬೇಕು. ಅನಾಟಮಿಯ ವರ್ಷದಲ್ಲಿ ನಿದ್ದೆಗೆಟ್ಟು ದುಡಿಯುವುದು ಬೇಡ.

ಸರ್ಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಒಂದು ಲಕ್ಷದೊಳಗೆ. ಖಾಸಗಿ ಕಾಲೇಜಿನ ಸರ್ಕಾರಿ ಸೀಟು ಒಂದೂವರೆ ಲಕ್ಷದ ಆಸುಪಾಸು, ಖಾಸಗಿ ಸೀಟಾದರೆ ಹತ್ತು ಲಕ್ಷ ದಾಟುತ್ತದೆ. ಈ ಕುಟುಂಬಕ್ಕೆ ಮೊದಲನೆಯದೇ ದಾರಿ. ಶುಲ್ಕ ಒಟ್ಟು ಮೂರೂವರೆ ಲಕ್ಷ, ಊಟ-ವಸತಿ ತಿಂಗಳಿಗೆ 5,000ದಂತೆ 54 ತಿಂಗಳಿಗೆ 2,70,000, ಪುಸ್ತಕ-ಉಪಕರಣ-ಪರೀಕ್ಷಾ ಶುಲ್ಕ 80,000. ಒಟ್ಟು ಏಳು ಲಕ್ಷ. ಬ್ಯಾಂಕ್‌ಗಳ ಮಾದರಿ ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡ ಇಡಬೇಕಿಲ್ಲ. ಕೋರ್ಸ್ ಮುಗಿದು ಒಂದು ವರ್ಷದ ನಂತರ ಮರುಪಾವತಿ, ಅವಧಿ 15 ವರ್ಷದವರೆಗೆ. ಶೇ 10ರ ಸರಳ ಬಡ್ಡಿ ಎಂದು ಹಿಡಿದರೆ ಕಂತು ಶುರುವಾಗುವ ಹೊತ್ತಿಗೆ ಬಾಕಿ ಹತ್ತು ಲಕ್ಷದ ಹತ್ತಿರ, ತಿಂಗಳ ಕಂತು ಸುಮಾರು 10,700. ವೈದ್ಯರ ಸಂಬಳದಲ್ಲಿ ಇದು ಹೊರಬಹುದಾದ ಭಾರ.

ಹೊರಲಾಗದ್ದು ಬೇರೆ ಕಡೆ ಇದೆ. 19,000 ನಿಂತ ಮೇಲೆ ಮನೆಗೆ ತಿಂಗಳಿಗೆ 8,000 ಕೊರತೆ. 54 ತಿಂಗಳಿಗೆ 4,32,000. ಶಿಕ್ಷಣ ಸಾಲ ಮಗುವಿನ ಶಾಲೆಗೆ, ಅವ್ವನ ಔಷಧಕ್ಕೆ ಬರುವುದಿಲ್ಲ. ಕೈಯಲ್ಲಿದ್ದ ಉಳಿತಾಯ 1,80,000. ಈ ಎರಡೂವರೆ ಲಕ್ಷದ ಅಂತರ ಎಲ್ಲಿಂದ ಎಂಬುದಕ್ಕೆ ಹೆಂಡತಿ, ಅಪ್ಪ-ಅವ್ವ ಕೂತು ಒಪ್ಪಿದ ಉತ್ತರ ಬೇಕು. "ಹೆಂಗಾದ್ರ ಆಗ್ತದ" ಎಂಬುದು ಉತ್ತರವಲ್ಲ. ಇಲ್ಲಿ ಅವರು ಒಪ್ಪಿಕೊಂಡದ್ದು: ಕಲಬುರಗಿಯ ಬಾಡಿಗೆ ಮನೆ ಬಿಟ್ಟು ಹೆಂಡತಿ-ಮಗು ಊರಿಗೆ, ಅತಿಥಿ ಶಿಕ್ಷಕಿ ಕೆಲಸ ಶಹಾಪುರ ತಾಲ್ಲೂಕಿನಲ್ಲೇ ಹುಡುಕುವುದು. ಬಾಡಿಗೆ ಒಂದೇ ತಿಂಗಳಿಗೆ 5,000 ಉಳಿಸಿತು. ಕೊನೆಯ ವರ್ಷ ಇಂಟರ್ನ್ ಗೌರವಧನ ಬರುತ್ತದೆ. ಸರ್ಕಾರಿ ಕಾಲೇಜುಗಳಲ್ಲಿ ಅದು 2020ರಲ್ಲೇ ತಿಂಗಳಿಗೆ 30,000ಕ್ಕೆ ಏರಿತ್ತು.

ವಿದ್ಯಾರ್ಥಿವೇತನವನ್ನು ಈ ಲೆಕ್ಕದಲ್ಲಿ ಹಿಡಿಯಬೇಡಿ. ಒಂದು ಪದವಿ ಮುಗಿಸಿ ಅದೇ ಹಂತದ ಇನ್ನೊಂದು ಪದವಿಗೆ ಸೇರಿದವರನ್ನು ಪೋಸ್ಟ್ ಮೆಟ್ರಿಕ್ ಯೋಜನೆಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುವವರು ಕಲಬುರಗಿಯ ಇಎಸ್‌ಐಸಿ ವೈದ್ಯಕೀಯ ಕಾಲೇಜಿನ ವಿಮಾದಾರರ ಕೋಟಾ ತಮಗೇ ಎಂದು ತಿಳಿಯುವುದುಂಟು. ಅದು ವಿಮಾದಾರರ ಮಕ್ಕಳಿಗೆ.

ಸೀಟು ಸಿಕ್ಕ ಮೇಲೆ

ಹಂಚಿಕೆಯಾದ ನಂತರ ಕಾಲೇಜಿಗೆ ವರದಿ ಮಾಡಿಕೊಳ್ಳಲು ಸಿಗುವುದು ಕೆಲವೇ ದಿನ. ಆಗ ಎಲ್ಲ ಮೂಲ ದಾಖಲೆ, ಕೊನೆಗೆ ಓದಿದ ಸಂಸ್ಥೆಯ ಟಿ.ಸಿ. ಕೇಳುತ್ತಾರೆ, ಇವರಿಗೆ ಅದು ಪಿಯು ಕಾಲೇಜಲ್ಲ, ಡಿಎಂಎಲ್‌ಟಿ ಓದಿದ ಕಡೆಯದು. ಓದು ಬಿಟ್ಟ ವರ್ಷಗಳಿಗೆ ನೋಟರಿ ಮಾಡಿಸಿದ ಅಫಿಡವಿಟ್ ಕೂಡ ಸಿದ್ಧವಿರಲಿ. ಖಾಸಗಿ ಲ್ಯಾಬ್, ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿ ಒತ್ತೆ ಇಟ್ಟುಕೊಳ್ಳುವ ಪದ್ಧತಿ ಇದೆ. ಅವನ್ನು ನೀಟ್ ಬರೆಯುವ ಮೊದಲೇ ಬಿಡಿಸಿಕೊಳ್ಳಬೇಕು, ಸೀಟು ಬಂದ ವಾರದಲ್ಲಿ ಕೇಳಲು ಹೋದರೆ ನೋಟಿಸ್ ಅವಧಿಯ ಮಾತು ಬರುತ್ತದೆ. ರಾಜೀನಾಮೆ ಮಾತ್ರ ಫಲಿತಾಂಶದ ದಿನ ಬೇಡ. ಕಾಲೇಜಿನಲ್ಲಿ ಶುಲ್ಕ ಕಟ್ಟಿ ಪ್ರವೇಶ ಪತ್ರ ಕೈಗೆ ಬಂದ ಮೇಲೆ ಕೊಡಿ, ಒಂದು ತಿಂಗಳ ನೋಟಿಸ್ ಬದಲಿಗೆ ಕಟ್ಟಬೇಕಾಗಬಹುದಾದ 19,000ವನ್ನು ಆ ಹೊತ್ತಿಗೆ ಬೇರೆ ತೆಗೆದಿಟ್ಟಿರಿ.